ಹಳೇ ಸೈಕಲ್ ಅಂದರೆ ಯಾವುದು? ಜಾತ್ರಾ ಕಮಿಟಿಗಳು ಬರೆದು ಹೇಳಲಿ

ಜಾತ್ರೆ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕರಪತ್ರಗಳಿಗೆ ಸುಗ್ಗಿ. ಚಹಾದಂಗಡಿಯ ಕಂಬಕ್ಕೆ, ಬಸ್ ಸ್ಟ್ಯಾಂಡಿನ ಗೋಡೆಗೆ, ಕಿರಾಣಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇ ಅಂಟಿಸಿದ್ದು. ಕುಸ್ತಿ, ಎತ್ತಿನ ಗಾಡಿ ಶರ್ಯತ್ತು, ಭಾರ ಎತ್ತುವ ಪಂದ್ಯ, ರಾತ್ರಿಗೆ ನಾಟಕ. ಇವುಗಳ ನಡುವೆ ಒಂದು ಸಾಲು ಸೈಕಲ್ ಶರ್ಯತ್ತಿನದು. ಗೇರ್ ಸೈಕಲ್ಲಿಗೆ ಬೇರೆ ಬಹುಮಾನ, ಸಾದಾ ಸೈಕಲ್ಲಿಗೆ ಬೇರೆ. ಕೆಲವು ಕಡೆ "ಹಳೇ ಸೈಕಲ್" ಎಂದೇ ಬರೆದಿರುತ್ತಾರೆ. ಅಷ್ಟಕ್ಕೇ ಮುಗಿಯಿತು. ಸಾದಾ ಅಂದರೆ ಯಾವುದು, ಹಳೇದು ಅಂದರೆ ಎಷ್ಟು ಹಳೇದು, ಅದನ್ನು ಬಿಡಿಸಿ ಬರೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ಬರೆಯದೆ ಬಿಟ್ಟ ಮಾತು ಶರ್ಯತ್ತಿನ ಗೆರೆಯ ಮೇಲೆ ತಕರಾರಾಗಿ ನಿಲ್ಲುತ್ತದೆ. ಒಬ್ಬ ಅಪ್ಪನ ಕಾಲದ ಕರೇ ಸೈಕಲ್ಲು ತಂದಿರುತ್ತಾನೆ. ಇನ್ನೊಬ್ಬ ದಪ್ಪ ಟೈರಿನ ಗುಡ್ಡದ ಸೈಕಲ್ಲು ತಂದು, ಗೇರಿನ ತಂತಿ ಕಿತ್ತುಹಾಕಿ, "ಇದಕ್ಕೂ ಇಪ್ಪತ್ತೈದು ವರ್ಸ ಆಗೇತ್ರಿ, ಇದೂ ಹಳೇದ" ಅನ್ನುತ್ತಾನೆ. ಮೂರನೆಯವನು ಮೊನ್ನೆ ಮೊನ್ನೆ ಅಂಗಡಿಯಿಂದ ತಂದ ಹೊಸಾ ಕರೇ ಸೈಕಲ್ಲಿನ ಮೇಲೆ ಕುಳಿತಿರುತ್ತಾನೆ. ಅದರ ನಳಿಗೆಗೆ ಸುತ್ತಿದ ಕಾಗದ ಇನ್ನೂ ಬಿಚ್ಚಿರುವುದಿಲ್ಲ. "ಯಜಮಾನರ, ನೀವ ಹೇಳ್ರಿ" ಎಂದು ಎಲ್ಲರೂ ಕಮಿಟಿಯ ಹಿರಿಯರ ಮುಖ ನೋಡುತ್ತಾರೆ. ಹಿರಿಯರಿಗೆ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಲು ಬರುತ್ತದೆ. ಸೈಕಲ್ಲಿಗೆ ಹಲ್ಲಿರುವುದು ಚೈನಿನ ಚಕ್ರದಲ್ಲಿ. ಅದನ್ನು ನೋಡಿ ಯಾರು ವಯಸ್ಸು ಹೇಳಬೇಕು? ಕೊನೆಗೆ ಯಾರ ಕಡೆ ಮಂದಿ ಹೆಚ್ಚೋ, ಯಾರ ಗಂಟಲು ದೊಡ್ಡದೋ, ಅವನದೇ ಹಳೇ ಸೈಕಲ್ ಎಂದು ಠರಾವಾಗುತ್ತದೆ.

ಇದನ್ನು ನಕ್ಕು ಬಿಡುವಂತಿಲ್ಲ. ಸೈಕಲ್ ಆಟದಲ್ಲಿ ಕರ್ನಾಟಕಕ್ಕೆ ಹೆಸರು ತಂದವರಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಜಿಲ್ಲೆಗಳ ಹುಡುಗ ಹುಡುಗಿಯರದೇ ದೊಡ್ಡ ಪಾಲು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಈ ತಾಲೂಕುಗಳ ಪದಕಗಳೂ ವಿಜಾಪುರದ ಲೆಕ್ಕಕ್ಕೇ ಜಮೆ ಆಗುತ್ತಿದ್ದವು. ರಾಷ್ಟ್ರಮಟ್ಟದ ಮೌಂಟನ್ ಬೈಕ್ ಸ್ಪರ್ಧೆಯೇ 2022ರಲ್ಲಿ ಗದಗಿಗೆ ಬಂದಿತ್ತು. ಆದರೆ ಈ ಹುಡುಗರಲ್ಲಿ ಬಹಳ ಮಂದಿ ಮೊದಲು ಕಾಲಿಟ್ಟದ್ದು ಲಕ್ಷ ರೂಪಾಯಿಯ ಸೈಕಲ್ಲಿನ ಪೆಡಲ್ಲಿಗಲ್ಲ. ಹಾಲಿನ ಕ್ಯಾನು ಕಟ್ಟಿದ, ಮೇವಿನ ಹೊರೆ ಹೊತ್ತ, ಮನೆಯ ಕರೇ ಸೈಕಲ್ಲಿನ ಪೆಡಲ್ಲಿಗೆ. ಊರ ಜಾತ್ರೆಯ ಸಾದಾ ಸೈಕಲ್ ಬಹುಮಾನ ಅಂಥವನಿಗೆ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ವೇಷ ಹಾಕಿದ ಗೇರ್ ಸೈಕಲ್ಲು ಹತ್ತಿಬಿಟ್ಟರೆ ಬಡವರ ಮಗ ಕೆಳಗೇ ಉಳಿದ.

ಇಸವಿಯಿಂದ ತೀರುವ ಮಾತಲ್ಲ

"ಇಷ್ಟು ವರ್ಷ ಆಗಿರಬೇಕು ಎಂದು ಬರೆದರಾಯಿತಲ್ಲ" ಎನ್ನುವವರಿದ್ದಾರೆ. ಕೇಳಲು ಸಲೀಸು. ಸರಕಾರವೂ ಹಾಗೆಯೇ ಮಾಡಿದೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತು ಪ್ರಾಚ್ಯವಸ್ತು. 2021ರಲ್ಲಿ ಕೇಂದ್ರ ಸರಕಾರ ಮಾಡಿದ ಮೋಟಾರು ವಾಹನ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿ, ಮೂಲ ರೂಪ ಕೆಡದೆ ಉಳಿದ ಕಾರು, ಮೋಟಾರ್ ಸೈಕಲ್ಲು ವಿಂಟೇಜ್ ವಾಹನ. ಆದರೆ ಮೋಟಾರಿಗೆ ನೋಂದಣಿ ಪುಸ್ತಕವಿದೆ, ಆರ್‌ಟಿಓ ಕಚೇರಿಯಿದೆ. ಸೈಕಲ್ಲಿಗೆ ಏನಿದೆ? ಒಂದು ಕಾಲಕ್ಕೆ ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದವು. ಆ ಬಿಲ್ಲೆಗಳು ಎಂದೋ ಹೋದವು. ಇದ್ದರೂ ಅದು ತೆರಿಗೆ ಕಟ್ಟಿದ ವರ್ಷ ಹೇಳೀತೇ ಹೊರತು ಸೈಕಲ್ಲು ಹುಟ್ಟಿದ ವರ್ಷವನ್ನಲ್ಲ. ಅಂಗಡಿಯ ರಸೀದಿಯನ್ನು ಯಾವ ಮನೆಯಲ್ಲೂ ನಲವತ್ತು ವರ್ಷ ಇಟ್ಟುಕೊಂಡಿರುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮದ್ರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಆಸನ್‌ಸೋಲಿನ ಸೆನ್-ರ್‍ಯಾಲಿ 1952ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಶುರುವಾದವು. ಇವರೆಲ್ಲ ಮಾಡಿದ ಕರೇ ಸೈಕಲ್ಲಿನ ಅಚ್ಚು ಇಂಗ್ಲೆಂಡಿನದು. ಉಕ್ಕಿನ ನಳಿಗೆ, 28 ಇಂಚಿನ ಗಾಲಿ, ಸರಳಿನ ಬ್ರೇಕು, ಒಂದೇ ಚೈನ್ ಚಕ್ರ. ಅದೇ ಅಚ್ಚಿನ ಸೈಕಲ್ಲು ಇಂದಿಗೂ ಅಂಗಡಿಗೆ ಬರುತ್ತದೆ. ಹೊಸದಾಗಿ ಮಾಡಿದ್ದು, ಆದರೆ ಜಾತಿ ಹಳೇದು. ಅತ್ತ 1990ರ ದಶಕದಲ್ಲಿ ಬಂದ ಗೇರಿನ ಸೈಕಲ್ಲು ವಯಸ್ಸಿನಲ್ಲಿ ಹಳೇದು, ಜಾತಿ ಮಾತ್ರ ಹೊಸದು. ವರ್ಷದ ಗೆರೆ ಎಳೆದರೆ ನಿನ್ನೆಯ ಕರೇ ಸೈಕಲ್ಲು ಹೊರಗೆ, ಮೊನ್ನೆಯ ಗೇರ್ ಸೈಕಲ್ಲು ಒಳಗೆ. ಇದೆಂಥ ನ್ಯಾಯ?

2006-07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಹಂಚಿತು. ಗೇರಿಲ್ಲ, ಸ್ಪ್ರಿಂಗಿಲ್ಲ, ಶುದ್ಧ ಸಾದಾ ಸೈಕಲ್ಲು. ಎಷ್ಟೋ ಮನೆಗಳಲ್ಲಿ ಇರುವುದು ಅದೊಂದೇ. ಮೂವತ್ತು ವರ್ಷ ಆಗಿರಬೇಕೆಂದು ಬರೆದ ಕೂಡಲೇ ಆ ಮನೆಯ ಹುಡುಗನಿಗೆ ಬಾಗಿಲು ಮುಚ್ಚಿದಂತೆ.

ಅಮೇರಿಕೆಯ ಗುಡ್ಡದಲ್ಲೂ ಇದೇ ತಕರಾರು

ಹಳೇದು ಯಾವುದು ಎಂಬ ಜಗಳ ಈ ಸೀಮೆಯದಷ್ಟೇ ಅಲ್ಲ. ಗುಡ್ಡದ ಇಳಿಜಾರಿನಲ್ಲಿ ಸೈಕಲ್ ಬಿಡುವ ಶರ್ಯತ್ತು ಹುಟ್ಟಿದ ಅಮೇರಿಕೆಯಲ್ಲೂ, ಅದು ಹರಡಿದ ಯುರೋಪಿನಲ್ಲೂ ಹಳೇ ಸೈಕಲ್ ಹುಚ್ಚಿನವರು ಇದೇ ಮಾತಿಗೆ ಕಚ್ಚಾಡುತ್ತಾರೆ.

ಆ ಶರ್ಯತ್ತಿನ ಹುಟ್ಟೇ ಮಜಾ ಇದೆ. ಕ್ಯಾಲಿಫೋರ್ನಿಯಾದ ಮರಿನ್ ಎಂಬ ಗುಡ್ಡಗಾಡು ಸೀಮೆಯಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ಹುಡುಗರು ಮಣ್ಣಿನ ದಾರಿಯೊಂದರಲ್ಲಿ ಮೇಲಿನಿಂದ ಕೆಳಕ್ಕೆ ಸೈಕಲ್ ಬಿಟ್ಟರು. ಎರಡು ಮೈಲು ದಾರಿ, ಸುಮಾರು 1300 ಅಡಿ ಇಳಿತ. ಅವರ ಸೈಕಲ್ಲುಗಳು ಹೊಸವೇನಲ್ಲ. 1930-40ರ ದಶಕದ ಶ್ವಿನ್ ಮುಂತಾದ ಭಾರೀ ಸೈಕಲ್ಲುಗಳು, ಅಂದರೆ ಅಲ್ಲಿನ ಮೋಡಕಾ ಮಾಲು. ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಯ ಹಬ್ಬಿನೊಳಗೆ ಬ್ರೇಕು ಬೀಳುತ್ತಿತ್ತು. ಒಂದೇ ಇಳಿತಕ್ಕೆ ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಬಂದ ಮೇಲೆ ಹಬ್ಬು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಹೀಗೆ ಮರಳಿ ತುಂಬುವುದಕ್ಕೇ ಅವರ ಮಾತಿನಲ್ಲಿ ರಿಪ್ಯಾಕ್ ಎಂದು ಹೆಸರು. ಆ ಶರ್ಯತ್ತಿಗೂ ಅದೇ ಹೆಸರು ಉಳಿಯಿತು. ಗ್ಯಾರಿ ಫಿಶರ್ ಎಂಬವನು ಆ ದಾರಿಯನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದೇ ದಾಖಲೆ.

ಅಲ್ಲಿಂದ ಮುಂದೆ ಎಲ್ಲವೂ ಓಡಿತು. ಜೋ ಬ್ರೀಝ್ ಎಂಬವನು 1977ರಲ್ಲಿ ಗುಡ್ಡಕ್ಕೆಂದೇ ಹೊಸ ಫ್ರೇಮು ಬೆಸೆದ. 1981ರಲ್ಲಿ ಸ್ಟಂಪ್‌ಜಂಪರ್ ಎಂಬ ಗುಡ್ಡದ ಸೈಕಲ್ಲು ಅಂಗಡಿಗೆ ಬಂತು. 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಮುಂದಿನ ಚಿಮಟಾಕ್ಕೆ ಶಾಕ್ ಅಬ್ಸಾರ್ಬರ್ ಕೂಡಿಸಿ ಮಾರಿತು. 1990ರಲ್ಲಿ ಕೊಲರಾಡೋದ ಡುರಾಂಗೋ ಊರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆದು, ಇಳಿಜಾರಿನ ಶರ್ಯತ್ತಿಗೂ ಪದಕ ಬಂತು. 1996ರಲ್ಲಿ ಮೌಂಟನ್ ಬೈಕ್ ಒಲಿಂಪಿಕ್ಸಿಗೂ ಹೋಯಿತು. ಹೋದದ್ದು ಏರಿಳಿತದ ದೂರದ ಓಟ ಮಾತ್ರ, ಇಳಿಜಾರಿನದಲ್ಲ. ಮುಂದೆ ಹಿಂದಿನ ಗಾಲಿಗೂ ಶಾಕ್ ಬಂತು, ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕ್ ಬಂತು, 2017ರ ಹೊತ್ತಿಗೆ ಇಳಿಜಾರಿನ ವಿಶ್ವಕಪ್ಪಿಗೆ 29 ಇಂಚಿನ ಗಾಲಿಯೂ ಬಂತು.

ಈಗ ಹಳೇ ಶಾಲೆಯ ಇಳಿಜಾರು ಸೈಕಲ್ಲು ಎಂದು ಯಾವುದಕ್ಕೆ ಅನ್ನಬೇಕು? ಶಾಕೇ ಇಲ್ಲದ್ದು ಮಾತ್ರ ಹಳೇದು ಎನ್ನುವವರು ಒಂದು ಕಡೆ. ಡಿಸ್ಕ್ ಬ್ರೇಕ್ ಬರುವ ಮುಂಚಿನದೆಲ್ಲ ಹಳೇದು ಎನ್ನುವವರು ಇನ್ನೊಂದು ಕಡೆ. 26 ಇಂಚಿನ ಗಾಲಿ ಇದ್ದರೆ ಸಾಕು ಎನ್ನುವವರು ಮತ್ತೊಂದು ಕಡೆ. ಆದರೆ ಸ್ವಲ್ಪ ಲಕ್ಷ್ಯ ಕೊಟ್ಟು ನೋಡಿದರೆ ಮೂವರೂ ಇಸವಿ ಕೇಳುತ್ತಿಲ್ಲ. ಬ್ರೇಕು ಹೆಂಗ ಐತಿ, ಸ್ಪ್ರಿಂಗು ಐತೇನು, ಗಾಲಿ ಎಷ್ಟಿಂಚು ಎಂದು ಕೇಳುತ್ತಿದ್ದಾರೆ. "ಮೂಲ ರೂಪ ಕೆಡಬಾರದು" ಎಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಆ ಶರ್ಯತ್ತು ಹುಟ್ಟಿದ್ದೇ ಹಳೇ ಸೈಕಲ್ಲಿನ ಮಡ್‌ಗಾರ್ಡು ಕಿತ್ತು, ಬೇರೆ ಸೈಕಲ್ಲಿನ ಸಾಮಾನು ಕೂಡಿಸಿ ಓಡಿಸಿದವರಿಂದ.

26ಕ್ಕೆ 26 ಕೂಡುವುದಿಲ್ಲ

ಗಾಲಿಯ ಇಂಚನ್ನು ಕಣ್ಣುಮುಚ್ಚಿ ನಂಬುವುದೂ ತಪ್ಪು. ಇದನ್ನು ಸೈಕಲ್ ಸಾಮಾನಿನ ಅಂಗಡಿಕಾರರನ್ನು ಕೇಳಿದರೆ ತಿಳಿಯುತ್ತದೆ. ಗಿರಾಕಿ ಬಂದು "26ರ ಟೈರು ಕೊಡ್ರಿ" ಎಂದರೆ ಅವರು ಮೊದಲು "ಸಾದಾ ಸೈಕಲ್ಲಿಂದೋ, ದಪ್ಪ ಟೈರಿಂದೋ?" ಎಂದು ತಿರುಗಿ ಕೇಳುತ್ತಾರೆ. ಕಾರಣ, ಸಾದಾ ಸೈಕಲ್ಲಿನ 26 ಅಂದರೆ ಇಪ್ಪತ್ತಾರಕ್ಕೆ ಒಂದೂ ಮೂರೆಂಟನೆಯ ಇಂಚು. ಟೈರು ಕೂರುವ ಜಾಗದಲ್ಲಿ ಅದರ ರಿಮ್ಮಿನ ಅಡ್ಡಳತೆ 590 ಮಿಲಿಮೀಟರ್. ಗುಡ್ಡದ ಸೈಕಲ್ಲಿನ 26ರ ಅಳತೆ 559 ಮಿಲಿಮೀಟರ್. ಎರಡಕ್ಕೂ ಹೆಸರು 26, ಆದರೆ ಒಂದರ ಟೈರು ಇನ್ನೊಂದಕ್ಕೆ ಏರುವುದಿಲ್ಲ. ನಡುವೆ 31 ಮಿಲಿಮೀಟರ್ ಫರಕು.

ಇನ್ನೊಂದು ತಮಾಷೆ ಕೇಳಿ. ದೊಡ್ಡ ಗಾಲಿ ಎಂದು ಜಗತ್ತೆಲ್ಲ ಕೊಂಡಾಡುವ 29 ಇಂಚಿನ ರಿಮ್ಮಿನ ಅಳತೆ 622 ಮಿಲಿಮೀಟರ್. ಅಜ್ಜನ ಕರೇ ಸೈಕಲ್ಲಿನ 28 ಇಂಚಿನ ರಿಮ್ಮಿನ ಅಳತೆ 635 ಮಿಲಿಮೀಟರ್! ದಪ್ಪ ಟೈರು ತೊಡಿಸಿದ್ದರಿಂದ ಅದಕ್ಕೆ 29 ಎಂಬ ಹೆಸರು ಬಂದಿದೆ ಅಷ್ಟೇ. ಕಬ್ಬಿಣದ ಬಳೆ ತಾಳೆ ಹಾಕಿದರೆ ಅಜ್ಜನ ಸೈಕಲ್ಲಿನದೇ ದೊಡ್ಡದು. ಆದ್ದರಿಂದ ಹೆಸರು ಕೇಳಿ ತೀರ್ಪು ಕೊಡಬಾರದು. ಟೇಪು ಹಿಡಿದು ಅಳೆಯಬೇಕು, ಮುಟ್ಟಿ ನೋಡಬೇಕು.

ಬ್ರೇಕೇ ಸಾಕ್ಷಿ

ಹಾಗಾದರೆ ಏನು ನೋಡಬೇಕು? ಸವಾರನ ಕೆಲಸವನ್ನು ಯಾವುದು ಮಾಡುತ್ತದೆ, ಅದನ್ನು ನೋಡಬೇಕು. ಅವನ ತೊಡೆಯೋ, ಗೇರೋ? ಅವನ ಮೊಣಕೈಯೋ, ಸ್ಪ್ರಿಂಗೋ? ಅವನ ಅಂದಾಜೋ, ಡಿಸ್ಕ್ ಬ್ರೇಕೋ?

ಕರೇ ಸೈಕಲ್ಲಿನ ಬ್ರೇಕಿನಲ್ಲಿ ತಂತಿ ಇಲ್ಲ, ಸರಳುಗಳಿವೆ. ಹ್ಯಾಂಡಲ್ಲಿನ ಹಿಡಿ ಎಳೆದರೆ ಸರಳು ಎಳೆದು, ರಬ್ಬರಿನ ತುಂಡು ರಿಮ್ಮಿನ ಒಳಮೈಗೆ ಒತ್ತುತ್ತದೆ. ಒಣ ದಾರಿಯಲ್ಲಿ ನಡೆದೀತು. ಉಕ್ಕಿನ ರಿಮ್ಮು ಮಳೆಯಲ್ಲಿ ತೊಯ್ದರೆ ರಬ್ಬರು ಜಾರುತ್ತದೆ, ಎಷ್ಟು ಎಳೆದರೂ ಸೈಕಲ್ಲು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಸೈಕಲ್ಲಿನ ತೂಕವೇ 20 ಕಿಲೋ ಆಸುಪಾಸು. ಅದರ ಮೇಲೆ ಒಬ್ಬ ಆಳು. ಜಮಖಂಡಿಯ ರಾಮತೀರ್ಥದ ಗುಡ್ಡದಿಂದ ಊರ ಕಡೆ ಇಳಿಯುವ ಹುಡುಗನಿಗೂ, ಬೀಳಗಿಯ ಗುಡ್ಡದ ದಾರಿಯಲ್ಲಿ ಬರುವವನಿಗೂ ಇದು ಗೊತ್ತು. ಅವರು ತಿರುವು ಬರುವ ಮೊದಲೇ, ಬಹಳ ಮೊದಲೇ, ವೇಗ ಇಳಿಸುತ್ತಾರೆ. ಕಲ್ಲು ಬಂದರೆ ಸೀಟಿನಿಂದ ಎದ್ದು ನಿಂತು, ಮೊಣಕಾಲು ಬಗ್ಗಿಸಿ ಪೆಟ್ಟು ನುಂಗುತ್ತಾರೆ. ಡಿಸ್ಕ್ ಬ್ರೇಕಿನ, ಶಾಕಿನ ಸೈಕಲ್ಲಿನವನು ತಿರುವಿನ ಬಾಯಿಯವರೆಗೂ ನುಗ್ಗಿ ಹಿಡಿಯಬಹುದು. ಇಬ್ಬರ ಎದೆಗಾರಿಕೆಯೂ ದೊಡ್ಡದೇ. ಆದರೆ ಇಬ್ಬರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿ ಒಂದೇ ಬಹುಮಾನ ಇಡುವುದು ಎತ್ತಿನ ಗಾಡಿಯನ್ನು ಟ್ರ್ಯಾಕ್ಟರಿನ ಜೊತೆ ಓಡಿಸಿದಂತೆ.

ಹೊರದೇಶದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. ಇಟಲಿಯ ಟಸ್ಕನಿ ಸೀಮೆಯ ಗಾಯೋಲೆ ಎಂಬ ಊರಲ್ಲಿ 1997ರಿಂದ ಎರೋಯಿಕಾ ಎಂಬ ಹಳೇ ಸೈಕಲ್ಲುಗಳ ಮೇಳ ನಡೆಯುತ್ತದೆ. ಮಣ್ಣಿನ ರಸ್ತೆಯಲ್ಲಿ ಓಟ. ಅವರು 1987ಕ್ಕೆ ಮುಂಚಿನ ರೇಸ್ ಸೈಕಲ್ ಎಂದು ಇಸವಿ ಹೇಳುತ್ತಾರೆ, ನಿಜ. ಆದರೆ ಅಷ್ಟಕ್ಕೇ ಬಿಡುವುದಿಲ್ಲ. ಗೇರಿನ ಹಿಡಿ ಕೆಳನಳಿಗೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲ್ಲಿನ ಹೊರಗೆ ಕಾಣಬೇಕು, ಪೆಡಲ್ಲಿಗೆ ಪಟ್ಟಿಯ ಕೊಕ್ಕೆ ಇರಬೇಕು ಎಂದು ಬಿಡಿಸಿ ಬರೆಯುತ್ತಾರೆ. ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತುಗಳು. ವಾದ ಹಾಕಲು ಜಾಗವಿಲ್ಲ.

ಎದುರು ಮಾತಿಗೂ ಬೆಲೆ ಇದೆ

ಬಿಗಿಯಾಗಿ ನಿಯಮ ಹಾಕಿದರೆ ಬಡವನಿಗೇ ಕಾಟ ಎನ್ನುವವರ ಮಾತನ್ನೂ ಕೇಳಬೇಕು. ಸರಳಿನ ಬ್ರೇಕು ಮುರಿದರೆ ಸಾಮಾನು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಹುಡುಗ ತಂತಿಯ ಬ್ರೇಕು ಹಾಕಿಸಿಕೊಂಡಿದ್ದಾನೆ. "ನಿಂದು ಸಾದಾ ಅಲ್ಲ, ಹೋಗೋ ತಮ್ಮಾ" ಎಂದು ಕಳಿಸಬೇಕೇ? ಬೇಡ. ಜೀವ ಉಳಿಸುವ ಬದಲಾವಣೆಗೆ ತಡೆ ಹಾಕಬಾರದು. ತಂತಿಯೆಳೆದು ರಿಮ್ಮಿಗೆ ಹಿಡಿಯುವ ಬ್ರೇಕು ಸಾದಾ ಸೈಕಲ್ಲಿಗೆ ನಡೆಯಲಿ. ಹೊಸ ಟೈರು, ಹೊಸ ಚೈನು, ಹೊಸ ಗುಂಡು, ಹೊಸ ಬಣ್ಣ ಎಲ್ಲವೂ ನಡೆಯಲಿ. ತುಕ್ಕು ಹಿಡಿದದ್ದೇ ಹಳೇದು ಎಂಬ ಲೆಕ್ಕವಿದ್ದರೆ ಸೈಕಲ್ಲನ್ನು ಚೆನ್ನಾಗಿ ಇಟ್ಟುಕೊಂಡವನಿಗೇ ದಂಡ ಹಾಕಿದಂತೆ ಆಗುತ್ತದೆ. ನಡೆಯಬಾರದ್ದು ಗೇರು, ಸ್ಪ್ರಿಂಗು, ಡಿಸ್ಕು. ಈ ಮೂರೇ.

ಗೇರಿನ ತಂತಿ ಕಿತ್ತು ತಂದವನ ಗತಿ? ಹಿಂದಿನ ಗಾಲಿಯಲ್ಲಿ ಐದಾರು ಹಲ್ಲಿನ ಚಕ್ರ ಉಳಿದಿದ್ದರೆ ಅದು ಗೇರ್ ಸೈಕಲ್ಲೇ. ತಂತಿ ಇಲ್ಲದಿದ್ದರೂ ಚೈನನ್ನು ತನಗೆ ಬೇಕಾದ ಚಕ್ರಕ್ಕೆ ಮೊದಲೇ ಕೂರಿಸಿಕೊಂಡು ಬಂದಿರುತ್ತಾನೆ. ಅವನನ್ನು ಊರ ಹೊರಗೆ ಕಳಿಸುವುದೂ ಬೇಡ. 1990ರ ದಶಕದ ಗುಡ್ಡದ ಸೈಕಲ್ಲುಗಳು ಇಂದಿನ ಲಕ್ಷ ರೂಪಾಯಿಯ ಸೈಕಲ್ಲಿನ ಎದುರು ಓಡಲಾರವು. ಅವಕ್ಕೊಂದು ಮೂರನೆಯ ವರ್ಗ ಮಾಡಬಹುದು. ಗೇರು ಇರಲಿ, ಶಾಕು ಬೇಡ, ಡಿಸ್ಕು ಬೇಡ, ಗಾಲಿ 26ರದು. ಹಳೇ ಗುಡ್ಡದ ಸೈಕಲ್ ಎಂದು ಹೆಸರಿಡಲಿ.

ನಾಲ್ಕು ಸಾಲು ಸಾಕು

ಇದಕ್ಕೆ ಕಮಿಟಿಗಳಿಗೆ ಕಾಸಿನ ಖರ್ಚಿಲ್ಲ. ಕರಪತ್ರದಲ್ಲಿ ನಾಲ್ಕು ಸಾಲು ಹೆಚ್ಚು ಅಚ್ಚಾಗಬೇಕು ಅಷ್ಟೇ. ಸಾದಾ ಸೈಕಲ್: ಒಂದೇ ಚೈನ್ ಚಕ್ರ, ಸ್ಪ್ರಿಂಗಿಲ್ಲ, ಡಿಸ್ಕಿಲ್ಲ, ಇಸವಿ ಯಾವುದಾದರೂ ಸರಿ. ಹಳೇ ಗುಡ್ಡದ ಸೈಕಲ್: ಗೇರಿದೆ, ಶಾಕಿಲ್ಲ, ಡಿಸ್ಕಿಲ್ಲ, ಗಾಲಿ 26. ಹೊಸ ಗೇರ್ ಸೈಕಲ್: ಉಳಿದದ್ದೆಲ್ಲ. ನಾಲ್ಕನೆಯ ಸಾಲು ಮುಖ್ಯವಾದದ್ದು: ಬ್ರೇಕು ಹಿಡಿಯದ ಸೈಕಲ್ಲು ಯಾವ ವರ್ಗದ್ದೇ ಆಗಲಿ, ಗೆರೆಗೆ ಬರುವಂತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯಲ್ಲಿ, ಅದರಲ್ಲೂ ಇಳಿಜಾರು ಇರುವ ಕಡೆ ಶರ್ಯತ್ತು ಇಡುವವರು ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಲಿ.

ಪರೀಕ್ಷೆ ಮಾಡುವವರು ಯಾರು? ಪ್ರತಿ ಊರಲ್ಲೂ ಒಬ್ಬ ಸೈಕಲ್ ರಿಪೇರಿಯವರು ಇದ್ದಾರೆ. ತಾಸಿನ ಬಾಡಿಗೆಗೆ ಸೈಕಲ್ ಕೊಡುತ್ತಿದ್ದ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಗಾಲಿ ಒಮ್ಮೆ ತಿರುಗಿಸಿ ಕಿವಿಗೊಟ್ಟರೆ ಯಾವ ಗುಂಡು ಸವೆದಿದೆ ಎಂದು ಹೇಳುವವರು. ಜಾತ್ರೆಯ ವೇದಿಕೆಗೆ ಅವರನ್ನು ಯಾರೂ ಕರೆಯುವುದಿಲ್ಲ. ಶರ್ಯತ್ತಿನ ಹಿಂದಿನ ದಿನ ಅವರನ್ನು ಪಂಚರೆಂದು ಕೂರಿಸಿ, ಅವರು ನೋಡಿ ಬಿಟ್ಟ ಸೈಕಲ್ಲಿಗೆ ಬಣ್ಣದ ದಾರ ಕಟ್ಟಿದರೆ ಮರುದಿನ ಗೆರೆಯ ಮೇಲೆ ಗದ್ದಲವೇ ಇರುವುದಿಲ್ಲ.

ಇದರಿಂದ ಇನ್ನೊಂದು ಲಾಭವೂ ಇದೆ. ರಬಕವಿ-ಬನಹಟ್ಟಿಯಲ್ಲಿ ನೂಲಿನ ಗಂಟು, ಸೀರೆಯ ಗಂಟು ಹೊತ್ತು ನೇಕಾರರ ಸಂಸಾರ ಎಳೆದ ಸೈಕಲ್ಲುಗಳು ಕಿಲೋ ಲೆಕ್ಕದಲ್ಲಿ ಮೋಡಕಾ ಅಂಗಡಿ ಸೇರುತ್ತಿವೆ. ಒಂದು ಕಾಲಕ್ಕೆ ಮನೆಮಾತಾಗಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದೇ ವಿಶ್ವ ಸೈಕಲ್ ದಿನ. ಜಾತ್ರೆಯಲ್ಲಿ ಸಾದಾ ಸೈಕಲ್ಲಿಗೆ ಖರೇ ಮರ್ಯಾದೆ ಸಿಕ್ಕರೆ, ಬಹುಮಾನದ ಆಸೆಗಾದರೂ ಕೆಲವು ಸೈಕಲ್ಲು ಮೋಡಕಾ ತಕ್ಕಡಿಯಿಂದ ಕೆಳಗಿಳಿದು ರಸ್ತೆಗೆ ಬಂದಾವು. ಅವುಗಳ ಮೇಲೆ ಕೂತ ಹುಡುಗರಲ್ಲಿ ಒಬ್ಬಿಬ್ಬರಾದರೂ ಕ್ರೀಡಾ ವಸತಿ ನಿಲಯದ ಕೋಚುಗಳ ಕಣ್ಣಿಗೆ ಬಿದ್ದಾರು.

ಮುಂದಿನ ಜಾತ್ರೆಗಳ ಕರಪತ್ರ ಪ್ರೆಸ್ಸಿಗೆ ಹೋಗುವ ಮುನ್ನ ಕಮಿಟಿಯ ಹಿರಿಯರು ಇತ್ತ ಲಕ್ಷ್ಯ ಹರಿಸಲಿ. ಶರ್ಯತ್ತಿನಲ್ಲಿ ಸೋತ ಹುಡುಗ ಮುಂದಿನ ವರ್ಷ ಮತ್ತೆ ಬರುತ್ತಾನೆ. ತಕರಾರಿನಲ್ಲಿ ಸೋತವನು ಬರುವುದಿಲ್ಲ.